ಧರ್ಮದೇಟಿನಿಂದ ಧರ್ಮದ ಬಾವಿಯವರೆಗೆ

ಕಚೇರಿಗೆ ಹೊಸದಾಗಿ ಸೇರಿದ ತರ್ಜುಮೆಗಾರರಿಗೆ ಮೊದಲೇ ಒಂದು ಸಮಾಧಾನದ ಮಾತು ಹೇಳಿಬಿಡುತ್ತೇನೆ. ಈ ಉದ್ಯೋಗದಲ್ಲಿ ನಿಮ್ಮ ಮಾತನ್ನು ಯಾರೂ ಕೇಳುವುದಿಲ್ಲ. ಸಾಕ್ಷಿ ಹೇಳಿದ್ದನ್ನು ನ್ಯಾಯಪೀಠದ ಹಾಕೀಮರು ಕೇಳುತ್ತಾರೆ, ಹಾಕೀಮರು ಹೇಳಿದ್ದನ್ನು ಸಾಕ್ಷಿ ಕೇಳುತ್ತಾನೆ. ನಡುವೆ ನಿಂತು ಬೆಳಗಿನಿಂದ ಗಂಟಲು ಹರಿದುಕೊಂಡ ನೀವು ಸಂಜೆಗೆ ನೋಡಿದರೆ ಸ್ವಂತದ್ದೆಂದು ಒಂದು ಮಾತನ್ನೂ ಆಡಿರುವುದಿಲ್ಲ. ಮನೆಗೆ ಹೋದಾಗ ನನ್ನ ಹೆಂಡತಿ, “ಏನರ ಮಾತಾಡ್ರಿ, ಗ್ವಾಡಿ ಕೂಡ ಸಂಸಾರ ಮಾಡಿದಂಗ ಆಗೈತಿ” ಎನ್ನುತ್ತಿದ್ದಳು. ಯಾರಾದರೂ ಮೊದಲು ಆಡಿಕೊಟ್ಟರೆ ತಿರುಗಿಸಿ ಹೇಳಬಲ್ಲೆ. ನಾನಾಗಿಯೇ ಹೇಳುವುದು ನನ್ನ ಇಲಾಖೆಗೆ ಸೇರಿದ್ದಲ್ಲ ಎಂದು ಅವಳಿಗೆ ತಿಳಿಸುವುದು ಕೊನೆಯವರೆಗೂ ಸಾಧ್ಯವಾಗಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಸೀಮೆ ನಿಜಾಮರ ರಾಜ್ಯದಲ್ಲಿತ್ತು. ಮಂದಿಯ ಬಾಯಲ್ಲಿ ಕನ್ನಡ, ಕಚೇರಿಯ ಕಾಗದದಲ್ಲಿ ಉರ್ದು. ಈ ಎರಡರ ನಡುವಿನ ಹಳ್ಳಕ್ಕೆ ಹಾಕಿದ ಹಲಗೆ ನಾನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ಊರಿನ ಕಚೇರಿಯ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದೇನೆ. ಕೆಲವು ಊರು ಜಾಗೀರಿನವು, ಕೆಲವು ಸರ್ಕಾರದವು. ಸಂಬಳ ತಡಮಾಡುವವರು ಬದಲಾಗುತ್ತಿದ್ದರು, ಉರ್ದು ಅದೇ ಇರುತ್ತಿತ್ತು. ಯಾವ ಪ್ರಸಂಗ ಯಾವ ಕಚೇರಿಯಲ್ಲಿ ನಡೆಯಿತೆಂದು ಇಲ್ಲಿ ಬರೆಯುವುದಿಲ್ಲ. ನಾಲ್ಕೂ ಊರಿನಲ್ಲಿ ಆಗಿನವರ ಮಕ್ಕಳಿದ್ದಾರೆ, ಅವರಲ್ಲಿ ಬಹಳ ಮಂದಿ ವಕೀಲರಾಗಿದ್ದಾರೆ. ನನ್ನ ಬಡ್ತಿಗಳ ವಿಷಯವನ್ನೂ ಬರೆಯುವುದಿಲ್ಲ, ಅದಕ್ಕೆ ಒಂದು ಸಾಲು ಸಾಕು, ಅದೂ ಉದ್ದವಾದೀತು. ನನ್ನ ನೌಕರಿಯ ಉದ್ದಕ್ಕೂ ಬೆನ್ನು ಬಿಡದೆ ಬಂದ ಒಂದೇ ಒಂದು ಮಾತಿನ ಸಂಗತಿ ಬರೆಯುತ್ತೇನೆ. ಆ ಮಾತು ‘ಧರ್ಮ’.

ನನ್ನ ಮೊದಲ ಮೇಲಧಿಕಾರಿ ಪೇಶಕಾರ ಕರೀಂ ಸಾಹೇಬರು. ಪೇಶಕಾರನೆಂದರೆ ಹಾಕೀಮರ ಪಕ್ಕ ಕೂತು ಹೇಳಿಕೆ ಬರೆದುಕೊಳ್ಳುವವನು. ಸಾಹೇಬರು ಒಂದು ದವಡೆಯಲ್ಲಿ ಎಲೆ ಅಡಿಕೆ, ಇನ್ನೊಂದರಲ್ಲಿ ಮಾತು ಇಟ್ಟುಕೊಂಡಿರುತ್ತಿದ್ದರು. ಎರಡೂ ಕಲೆತದ್ದು ನಾನು ಕಾಣೆ. ಮೊದಲ ದಿನವೇ ನನ್ನನ್ನು ಕರೆದು, “ನೋಡು ಬೇಟಾ, ನೀನು ಮಾಳಿಗೆಯ ತಗಡಿನ ದೋಣಿ ಇದ್ದಂಗ. ಮ್ಯಾಲೆ ಬಿದ್ದ ನೀರು ಕೆಳಗ ಬೀಳಬೇಕು. ದೋಣಿ ತಾನು ಕುಡೀಬಾರದು, ತನ್ನ ಉಗುಳು ಬೆರಸಬಾರದು” ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ದೋಣಿಗೆ ತೂತು ಬಿದ್ದರೆ ಏನು ಮಾಡಬೇಕೆಂದು ಕೇಳುವಷ್ಟು ಬುದ್ಧಿ ಆಗ ಇರಲಿಲ್ಲ.

ತೂತು ಬಿದ್ದದ್ದು ಈರಪ್ಪನ ಎತ್ತಿನಿಂದ. ಈರಪ್ಪ ಬಿತ್ತಿಗೆಯ ಕಾಲದಲ್ಲಿ ತನ್ನ ಎತ್ತನ್ನು ನೆರೆಯವನಿಗೆ ಕೊಟ್ಟಿದ್ದ. ಬಿತ್ತಿಗೆ ಮುಗಿದರೂ ಎತ್ತು ವಾಪಸು ಬರಲಿಲ್ಲ. ಕಟಕಟೆಯಲ್ಲಿ ನಿಂತು, “ಧರ್ಮಕ್ಕ ಕೊಟ್ಟಿದ್ನಿರಿ” ಎಂದ. ಧರ್ಮವೆಂದರೆ ದಾನ, ದಾನವೆಂದರೆ ಖೈರಾತು ಎಂದು ಪಾಠಶಾಲೆಯಲ್ಲಿ ಓದಿದ್ದ ನಾನು ಗಟ್ಟಿಯಾಗಿ ‘ಖೈರಾತು’ ಎಂದೆ. ಹಾಕೀಮರು ಲೇಖನಿ ಕೆಳಗಿಟ್ಟರು. ಖೈರಾತು ಮಾಡಿದ್ದನ್ನು ಹಿಂದಕ್ಕೆ ಕೇಳುವುದು ಯಾವ ಶಾಸ್ತ್ರದಲ್ಲೂ ಇಲ್ಲ, ದಾವೆ ಮುಗಿಯಿತು ಎಂದರು. ಅದನ್ನು ನಾನು ಈರಪ್ಪನಿಗೆ ಕನ್ನಡದಲ್ಲಿ ತಿಳಿಸಿದೆ.

“ಖೈರಾತು? ನಾ ಏನು ಎತ್ತು ಹೊಡಕೊಂಡು ದರ್ಗಾಕ್ಕ ಹೋಗಿದ್ನೇನ್ರಿ?” ಎಂದು ಈರಪ್ಪ ಕಟಕಟೆಯನ್ನೇ ಅಲ್ಲಾಡಿಸಿದ. “ಬಾಡಿಗಿ ತಗೊಳ್ದ ಕೊಟ್ಟೆ ಅಂದ್ರ ಎತ್ತs ಕೊಟ್ಟಂಗೇನು? ಹಂಗಾರ ಇವರ ಮನಿಗೆ ಧರ್ಮಕ್ಕ ನೀರು ತುಂಬಾಕ ನನ್ನ ಹೆಂಡ್ತಿ ಹೋಗಿದ್ಲು, ಆಕೀನೂ ಇಟಗೊಳ್ಲಿ!”

ನೆರೆಯವನ ಹೆಂಡತಿ ಹಿಂದಿನಿಂದ, “ಅದೊಂದು ಬ್ಯಾಡ್ರಿ ಸಾಹೇಬ್ರ, ಬೇಕಾರ ಎತ್ತು ಹೊಡಕೊಂಡು ಹೋಗ್ಲಿ” ಎಂದು ಕೂಗಿದಳು. ಅದನ್ನು ತರ್ಜುಮೆ ಮಾಡುವ ಅಗತ್ಯ ಬೀಳಲಿಲ್ಲ. ಕರೀಂ ಸಾಹೇಬರು ‘ಖೈರಾತು’ ಹೊಡೆದು ‘ಬಾಡಿಗೆಯಿಲ್ಲದೆ’ ಎಂದು ಬರೆದುಕೊಂಡರು. ಸಂಜೆ ನನ್ನ ಭುಜ ತಟ್ಟಿ, “ನಿಮ್ಮ ಧರ್ಮ ಭಾಳ ಮೋಸದ್ದು ಐತಿ ಬೇಟಾ, ನೋಡಿಕೊಂಡು ಇರು” ಎಂದರು.

ಅಂದಿನಿಂದ ಈ ಮಾತು ಎಲ್ಲಿ ಕೇಳಿದರೂ ಕಿವಿ ನಿಮಿರುತ್ತಿತ್ತು. ಬೆಳಿಗ್ಗೆ ಬಾಗಿಲಲ್ಲಿ ನಿಂತು ‘ಧರ್ಮಾ ಮಾಡ್ರಿ ಯವ್ವಾ’ ಎಂದರೆ ನಿನ್ನೆಯ ರೊಟ್ಟಿ. ‘ಧರ್ಮದಿಂದ ಹೇಳ್ತೀನಿ’ ಎಂದರೆ ನಿಜ, ಅಥವಾ ನಿಜವೆಂದು ನಂಬಿಸಲು ಹೊರಟ ಸುಳ್ಳು. ಆರಾಮಿದ್ದೀರಾ ಎಂದು ಕೇಳಿದರೆ ‘ನಿಮ್ಮ ಧರ್ಮರಿ’ ಎನ್ನುವವನ ಆರೋಗ್ಯದಲ್ಲಿ ನನ್ನದೇನೂ ಪಾಲಿಲ್ಲ. ಚೇಳು ಕಚ್ಚಿದರೆ ‘ಅದರ ಧರ್ಮ’, ಹಾಕೀಮರು ದಂಡ ಹಾಕಿದರೆ ‘ಅವರ ಧರ್ಮ’, ಮಾವ ಅಳಿಯನಿಗೆ ಕೊಟ್ಟ ಮಾತು ತಪ್ಪಿದರೆ ‘ಧರ್ಮ ಉಳೀಲಿಲ್ಲ’. ಗಾಡಿಯವನು ಬಾಡಿಗೆ ಕೇಳದೆ ಹತ್ತಿಸಿಕೊಂಡರೆ ಅದೂ ಧರ್ಮ. ಆದರೆ ಆ ಧರ್ಮದಲ್ಲಿ ಕೂತವನು ಏರಿನಲ್ಲಿ ಇಳಿದು ಗಾಡಿ ತಳ್ಳಬೇಕಾಗುತ್ತಿತ್ತು. ಒಂದೇ ಅಂಗಿ ಹಾಕಿಕೊಂಡು ಊರೆಲ್ಲ ಮದುವೆಗೆ ಹೋಗುವ ಬಡವರ ಮನೆಯ ಅಣ್ಣತಮ್ಮಂದಿರ ಹಾಗೆ, ಇಷ್ಟೂ ಅರ್ಥಗಳು ಒಂದೇ ಮಾತನ್ನು ಹಾಕಿಕೊಂಡು ತಿರುಗುತ್ತಿದ್ದವು.

ಹೀಗಿರುವಾಗ ಹೈದರಾಬಾದಿನಿಂದ ಹಾಕೀಮರಾಗಿ ಹೊಸ ಮುನ್ಸಿಫ್ ಸಾಹೇಬರು ಬಂದರು. ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಶೇರವಾನಿ, ಇಸ್ತ್ರಿ ಮಾಡಿದಂಥದ್ದೇ ಬುದ್ಧಿ. ಕಚೇರಿಯಲ್ಲಿ ತರ್ಜುಮೆಗಾರರು ಕಕ್ಷಿದಾರರ ಕೈ ನೋಡಿ ಅರ್ಥ ತಿರುಚುತ್ತಾರೆಂಬ ದೂರು ಅವರ ಕಿವಿಗೆ ಬಿದ್ದಿತ್ತು. ದೂರು ಪೂರ್ತಿ ಸುಳ್ಳೆಂದು ನಾನೂ ಹೇಳಲಾರೆ. ಅದಕ್ಕೆ ಅವರು ಒಂದು ಮದ್ದು ಕಂಡುಹಿಡಿದರು: ಒಂದು ಶಬ್ದಕ್ಕೆ ಒಂದೇ ಶಬ್ದ. ಕನ್ನಡದ ಮಾತು ಒಂದು ಬದಿ, ಅದರ ಉರ್ದು ಇನ್ನೊಂದು ಬದಿ ಬರೆದು ಗೋಡೆಗೆ ಅಂಟಿಸಿದರು. ಅದರಾಚೆ ತರ್ಜುಮಾನ ಹೆಜ್ಜೆ ಇಡಕೂಡದು. ಆ ಗೋಡೆಯ ಮೇಲೆ ಧರ್ಮದ ಎದುರಿಗೆ ‘ಮಜಹಬ್’ ಎಂದಿತ್ತು. ಅಂದರೆ ಮತ, ಹಿಂದೂ, ಮುಸಲ್ಮಾನ ಎನ್ನುವ ಲೆಕ್ಕದ್ದು. ಕರೀಂ ಸಾಹೇಬರು ಅದನ್ನು ಓದಿ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು. ಅವರು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ವಾರವೇ ಒಂದು ಸಂತೆಯ ಜಗಳದ ಮೊಕದ್ದಮೆ ಬಂತು. ಕಂಬಳಿ ಕದ್ದ ಒಬ್ಬನನ್ನು ಸಂತೆಯವರು ಹಿಡಿದು ಬಡಿದಿದ್ದರು. ಬಡಿದವರ ಮೇಲೆ ಕೇಸು. ಕಂಬಳಿ ಮಾರುವವನೇ ಸಾಕ್ಷಿ.

“ಏನಾಯಿತು ಹೇಳು.”

“ಏನಿಲ್ರಿ, ಹಿಡದ್ವಿ, ನಾಕು ಧರ್ಮದೇಟು ಹಾಕಿ ಬಿಟ್ವಿರಿ.”

ನಾನು ಗೋಡೆ ನೋಡಿದೆ. ಗೋಡೆ ನನ್ನನ್ನು ನೋಡಿತು. ಹುಕುಂ ಹುಕುಮೇ. ಅತ್ಯಂತ ಶುದ್ಧವಾದ ಉಚ್ಚಾರದಲ್ಲಿ ‘ಮಜಹಬೀ ಮಾರ್’ ಎಂದೆ, ಎಂದರೆ ಮತದ ಹೆಸರಿನ ಹೊಡೆತ. ಮುನ್ಸಿಫರ ಮುಖದಲ್ಲಿ ರಕ್ತವಿಲ್ಲ. ಆಗಿನ ದಿನಗಳು ಅಂಥವು. ಇಂಥ ಒಂದು ಮಾತು ಮೇಲಿನವರಿಗೆ ಹೋದರೆ ಊರಿಗೆ ಪೊಲೀಸು ತುಂಬುತ್ತಿತ್ತು. ಬಾಗಿಲು ಹಾಕಿಸಿದರು. ದನಿ ತಗ್ಗಿಸಿ, ಹೊಡೆದವರು ಯಾವ ಮತದವರು ಎಂದು ಕೇಳಿಸಿದರು.

“ಎಲ್ಲಾರೂ ಇದ್ರಲ್ರಿ. ಸಂತಿ ಅಂದಮ್ಯಾಲೆ ಎಲ್ಲಾರೂ ಇರ್ತಾರ. ಬಳಿಗಾರ ಮೌಲಾಸಾಬ ಎರಡು ಜಾಸ್ತೀನ ಹಾಕ್ದ.”

“ಹೊಡೆಸಿಕೊಂಡವನು?”

“ಅವ ಕಳ್ಳ ರೀ.”

“ಮತ ಯಾವುದು?”

“ಕಳ್ಳರದು ಯಾವುದಿರ್ತೈತೋ ಅದs ಇರಬೇಕ್ರಿ.”

ಅಷ್ಟರಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ ಆ ಕಳ್ಳನೇ ಎದ್ದು ನಿಂತ. ತನ್ನಿಂದ ಕಚೇರಿಗೆ ಇಷ್ಟು ತೊಂದರೆಯಾಯಿತಲ್ಲ ಎಂಬ ಸಂಕೋಚ ಅವನ ಮುಖದಲ್ಲಿತ್ತು. “ಸಾಹೇಬ್ರ, ಧರ್ಮದೇಟು ಅಂದ್ರ ಪುಕ್ಕಟ್ಟೆ ಏಟು ರೀ. ಯಾರೂ ಕೂಲಿ ತಗೊಂಡು ಹೊಡದಿಲ್ಲ. ಹಾದ್ಯಾಗ ಹೋಗವರು ಬಂದು ಬಂದು ಒಂದೊಂದು ಹಾಕಿ ಹೋದ್ರು. ಅಷ್ಟs ರೀ” ಎಂದ. ಈ ಮಾತಿಗೆ ಅನುಭವದ ಆಧಾರವಿದ್ದುದರಿಂದ ಅದನ್ನು ಯಾರೂ ಅಲ್ಲಗಳೆಯಲಿಲ್ಲ.

ಮುನ್ಸಿಫರು ಬೈಯುತ್ತಾರೆಂದು ನಾನು ಸಿದ್ಧನಾಗಿದ್ದೆ. ಅವರು ಎದ್ದು ಹೋಗಿ ಗೋಡೆಯ ಕಾಗದದಲ್ಲಿ ಮಜಹಬ್ ಎಂಬುದನ್ನು ಹೊಡೆದು ಹಾಕಿ, ಆ ಜಾಗ ಖಾಲಿ ಬಿಟ್ಟು ಬಂದರು. ಅಂದಿನಿಂದ ಅವರಿಗೆ ಆ ಖಾಲಿ ಜಾಗದ ಹುಚ್ಚು ಹಿಡಿಯಿತು. ಯಾವ ಸಾಕ್ಷಿ ಬಂದರೂ ಅವನ ಹೇಳಿಕೆ ಮುಗಿದ ಮೇಲೆ, “ಕೇಳು, ಧರ್ಮ ಅಂದರೆ ಏನಂತೆ?” ಎನ್ನುವರು. ಕಚೇರಿ ಬೇಗ ಮುಗಿಸಿ ಮನೆಗೆ ಹೋಗುವ ನಮ್ಮ ಧರ್ಮಕ್ಕೆ ಇದರಿಂದ ಬಹಳ ಚ್ಯುತಿ ಬಂತು.

ಪೂಜೆಯ ಪಾಳಿಯ ವಿಷಯಕ್ಕೆ ಅಣ್ಣನ ಮೇಲೆ ದಾವೆ ಹೂಡಿದ್ದ ಒಬ್ಬ ಶಾಸ್ತ್ರಿಗಳು ಸಿಕ್ಕಾಗಂತೂ ಮುನ್ಸಿಫರು ಅವರಿಗೆ ಕುರ್ಚಿ ಹಾಕಿಸಿದರು. ಶಾಸ್ತ್ರಿಗಳು ಶಲ್ಯ ಸರಿಪಡಿಸಿಕೊಂಡು ಶುರುಮಾಡಿದರು.

“ನೋಡ್ರಿ, ಬಹಳ ಹಿಂದ ಯಜ್ಞಾ ಮಾಡೋದಕ್ಕ ಧರ್ಮ ಅಂತಿದ್ರು. ಆಮ್ಯಾಲೆ ಅವರವರ ವರ್ಣಕ್ಕ ಹೇಳಿದ ಕೆಲಸಾ ಮಾಡೋದು ಧರ್ಮ ಆತು. ರಾಜಾ ದಂಡಾ ಹಿಡದು ನ್ಯಾಯಾ ನೋಡೋದು ಧರ್ಮ ಆತು. ಸನ್ಯಾಸಿಗಳು ಬಂದು, ಅದೆಲ್ಲಾ ಬಿಡೋದs ಧರ್ಮ ಅಂದ್ರು. ಶರಣರು ಬಂದು, ಜೀವದ ಮ್ಯಾಲೆ ಕರುಣಾ ಇದ್ರ ಸಾಕು, ಅದs ಧರ್ಮ ಅಂದ್ರು. ಈಗ ನಿಮ್ಮ ಜನಗಣತಿಯವರು ಬರ್ತಾರ, ಪೆನ್ಸಿಲ್ ಹಿಡಕೊಂಡು, ನಿಮ್ಮ ಧರ್ಮ ಯಾವುದು ಅಂತ ಕೇಳ್ತಾರ. ಇದು ಹೊಸಾದು. ನಮ್ಮಜ್ಜಗ ಯಾರೂ ಹಿಂಗ ಕೇಳಿದ್ದಿಲ್ಲ.”

“ಹಾಗಾದರೆ ಧರ್ಮ ಬದಲಾಗುತ್ತ ಬಂದಿದೆ” ಎಂದರು ಮುನ್ಸಿಫರು.

“ಛೇ ಛೇ! ಸನಾತನ ಅದ ಅದು. ಬದಲಾಗೂದುಲ್ಲ.”

“ಈಗಷ್ಟೇ ನಿಮ್ಮ ಬಾಯಲ್ಲೇ ಐದಾರು ಸಲ ಬದಲಾಯಿತಲ್ಲ!”

“ಅದು ಅರ್ಥ ಬದಲಾಗಿದ್ದು ರೀ. ಧರ್ಮ ಅಲ್ಲೇ ಅದ.”

“ಎಲ್ಲಿ?”

ಶಾಸ್ತ್ರಿಗಳು, “ಅದನ್ನು ನಮ್ಮಣ್ಣಗ ಕೇಳ್ರಿ. ನನ್ನ ಪಾಳಿ ನುಂಗಿ ಕೂತಾನ. ಧರ್ಮ ಇದ್ರ ಅವನ ಹತ್ರನs ಇರಬೇಕು, ನನ್ನ ಹತ್ರಂತೂ ಏನೂ ಉಳದಿಲ್ಲ” ಎಂದರು. ಆಮೇಲೆ ಮುನ್ಸಿಫರು ನನಗೆ ಹೇಳಿದರು: “ಈ ಮಾತಿಗೆ ಸಮನ್ಸ್ ಕಳಿಸಿದರೂ ಎರಡು ಸಲ ಒಂದೇ ವೇಷದಲ್ಲಿ ಹಾಜರಾಗುವುದಿಲ್ಲ.” ನಗುತ್ತ ಹೇಳಿದರು. ಆದರೆ ಅದಕ್ಕೊಂದು ಪಕ್ಕಾ ವಿಳಾಸ ಸಿಗಬಹುದೆಂಬ ಆಸೆ ಅವರನ್ನು ಇನ್ನೂ ಬಿಟ್ಟಿರಲಿಲ್ಲ.

ಆ ಆಸೆಗೆ ಪರೀಕ್ಷೆ ಬಂದದ್ದು ಹುಸೇನವ್ವನ ಮೊಕದ್ದಮೆಯಲ್ಲಿ.

ದೇವಿಯ ದರ್ಶನಕ್ಕೆ ಹುಲಿಗಿಗೆ ನಡೆದುಹೋಗುವ ಒಂದು ದಾರಿಯಲ್ಲಿ ಹುಣಸೆ ಮರಗಳ ನಡುವೆ ಒಂದು ಬಾವಿ ಇತ್ತು. ದೊಡ್ಡಬಸಪ್ಪ ಎಂಬ ಒಕ್ಕಲುತನದ ಹಿರಿಯ ಬಹಳ ಹಿಂದೆ ತೋಡಿಸಿದ್ದು. ಮಂದಿ ಅದನ್ನು ಧರ್ಮದ ಬಾವಿ ಎನ್ನುತ್ತಿದ್ದರು. ಬಾವಿಯ ಬದಿಗೆ ಗುಡಿಸಲು ಹಾಕಿಕೊಂಡು, ಹುಣಸೆಹಣ್ಣು ಮಾರಿ ಹೊಟ್ಟೆ ಹೊರೆದುಕೊಂಡು, ಹೋಗಿ ಬರುವವರಿಗೆ ನೀರು ಹಾಕುವ ಒಬ್ಬಳು ವಿಧವೆ ಇದ್ದಳು. ಅವಳೇ ಹುಸೇನವ್ವ. ಅವಳಲ್ಲೊಂದು ವಿಚಿತ್ರ ರೂಢಿ ಇತ್ತು. ಯಾರ ಕೈಗೂ ಚೊಂಬು ಕೊಡುತ್ತಿರಲಿಲ್ಲ. ಎಲ್ಲರೂ ಬಗ್ಗಿ ಬೊಗಸೆ ಒಡ್ಡಬೇಕು, ಅವಳು ಮೇಲಿಂದ ಸುರಿಯುತ್ತಾಳೆ. ಊರೊಳಗೆ ಹೀಗೆ ಬೊಗಸೆಯಲ್ಲಿ ಕುಡಿಯಬೇಕಾದವರು ಕೆಳಗಿನವರು ಮಾತ್ರ. ಮೇಲಿನವರಿಗೆ ಹಿತ್ತಾಳೆ ಚೊಂಬು. ಇಲ್ಲಿ ಚಮ್ಮಾರನೂ ಬೊಗಸೆ, ಗೌಡನೂ ಬೊಗಸೆ.

ದೊಡ್ಡಬಸಪ್ಪನ ಮೊಮ್ಮಗ ಶರಣಪ್ಪ ತನ್ನ ಕಾರಟಗಿಯ ಬೀಗರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹುಲಿಗಿಗೆ ಹೊರಟವನು ಬಾವಿಯ ಹತ್ತಿರ ಇಳಿಸಿದ. ಅಜ್ಜನ ಬಾವಿ ತೋರಿಸುವ ಹೆಮ್ಮೆ. ಬೀಗರು ಚೊಂಬಿಗೆ ಕೈ ಚಾಚಿದರು. ಹುಸೇನವ್ವ, “ಬಗ್ಗರಿ” ಎಂದಳು. ಬೀಗರು ಬಗ್ಗಲಿಲ್ಲ. ನೀರನ್ನೂ ಕುಡಿಯಲಿಲ್ಲ. ಕಾರಟಗಿ ಮುಟ್ಟಿದ ಮೇಲೆ ಈ ಸಂಗತಿಗೆ ಕೈಕಾಲು ಬಂದವು. ಶರಣಪ್ಪ ದಾವೆ ಹೂಡಿದ: ಬಾವಿ ತನ್ನ ವಶಕ್ಕೆ ಬರಬೇಕು, ಅದಕ್ಕೊಂದು ಕದ ಬೀಳಬೇಕು, ಹುಸೇನವ್ವ ಗುಡಿಸಲು ಕಿತ್ತುಕೊಂಡು ಹೋಗಬೇಕು. ಅವಳಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಶರಣಪ್ಪನ ವಕೀಲರು ಹೈದರಾಬಾದಿನವರು, ನಮ್ಮ ಸೀಮೆಗೆ ಹೊಸಬರು. ಕಾಗದದಲ್ಲಿ ಹುಸೇನವ್ವ ಎಂಬ ಹೆಸರು ಕಂಡದ್ದೇ ಅವರಿಗೆ ದಾರಿ ಹೊಳೆಯಿತು. “ಬಾವಿಯನ್ನು ಧರ್ಮಕ್ಕೆ ಬಿಟ್ಟದ್ದೆಂದು ಎಲ್ಲರೂ ಒಪ್ಪುತ್ತಾರೆ. ಧರ್ಮ ಅಂದರೆ ನನ್ನ ಕಕ್ಷಿದಾರರ ಮಜಹಬು. ಈ ಹೆಂಗಸಿನ ಹೆಸರೇ ಹೇಳುತ್ತದೆ ಈಕೆ ಆ ಮಜಹಬಿನವಳಲ್ಲ ಎಂದು” ಎಂದರು. ಕಚೇರಿಯ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕರೀಂ ಸಾಹೇಬರು ದಾವೆಯ ಕಾಗದವನ್ನು ಮುನ್ಸಿಫರ ಕಡೆ ಸರಿಸಿ ಬೆರಳಿಟ್ಟು ತೋರಿಸಿದರು. ಮುನ್ಸಿಫರು ಓದಿದರು: “ದಾವೆದಾರ ಶರಣಪ್ಪ, ತಂದೆಯ ಹೆಸರು ಹುಸೇನಪ್ಪ.”

ನಮ್ಮ ಕಡೆಯವರಿಗೆ ಇದರಲ್ಲಿ ಏನೂ ಸೋಜಿಗವಿಲ್ಲ. ಮಕ್ಕಳಾಗದವರು ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊರುತ್ತಾರೆ, ಹುಟ್ಟಿದ ಕೂಸಿಗೆ ಹುಸೇನಪ್ಪ, ಹುಸೇನವ್ವ ಎಂದು ಹೆಸರಿಡುತ್ತಾರೆ, ಸೋಮವಾರ ಬಸವಣ್ಣನ ಗುಡಿಗೂ ಹೋಗುತ್ತಾರೆ. ವಕೀಲರು ಶರಣಪ್ಪನ ಕಡೆ ತಿರುಗಿ, “ಇದನ್ನು ಮೊದಲೇ ಯಾಕೆ ಹೇಳಲಿಲ್ಲ?” ಎಂದು ಹಲ್ಲು ಕಡಿದರು. ಅದನ್ನು ನಾನು ತರ್ಜುಮೆ ಮಾಡಿದೆ. “ನೀವು ಕೇಳಿದ್ರೇನ್ರಿ? ನಮ್ಮಪ್ಪನ ಹೆಸರು ನಮಗ ಗೊತ್ತs ಐತಿ” ಎಂದ ಶರಣಪ್ಪ. ಅದನ್ನೂ ಮಾಡಿದೆ.

ವಕೀಲರು ದಾರಿ ಬದಲಿಸಿದರು. ಶರಣಪ್ಪನನ್ನೇ ಮಾತಾಡಲು ಬಿಟ್ಟರು. ಅವನು ಕೆಟ್ಟವನಲ್ಲ. ಅವನ ಕಣ್ಣಲ್ಲಿ ನೀರಾಡಿತು. “ಸಾಹೇಬ್ರ, ಅವರವರ ಧರ್ಮ ಅವರವರು ಕಾಯಬೇಕಲ್ರಿ. ಕೊಡವರ ಕೈ ಮ್ಯಾಲೆ ಇರಬೇಕು ಖರೆ. ಹಂಗಂತ ಮನೆತನಸ್ಥರ್ನ ಚಮ್ಮಾರನ ಸರೀಕ ಬಗ್ಗಸ್ತಾರೇನ್ರಿ? ಬೀಗರು ನಮ್ಮ ಹುಡುಗೀನ್ನ ವಾಪಸ ಕಳಸಲಿಲ್ಲ, ನನ್ನ ಪುಣ್ಯ. ಅಜ್ಜನ ಧರ್ಮಾನ ಈಕಿ ಕೆಡಸ್ಯಾಳ.”

ಜಾತಿಯ ಕಟ್ಟಳೆ, ಅಜ್ಜನ ದಾನ, ಎರಡು ಧರ್ಮಗಳು ಒಂದೇ ಹೇಳಿಕೆಯಲ್ಲಿ ಒಂದರ ಕುತ್ತಿಗೆ ಒಂದು ಹಿಡಿದಿದ್ದವು. ನಾನು ಮುನ್ಸಿಫರ ಮುಖ ನೋಡಿದೆ. ಅವರು, ಆ ಮಾತನ್ನು ತಿರುಗಿಸದೆ ಹಾಗೆಯೇ ಇಡು ಎಂಬಂತೆ ಕೈ ಮಾಡಿದರು.

ಮುಂದಿನ ಸಾಕ್ಷಿ ಬಾವಿ ತೋಡಿದ ತಿಮ್ಮಣ್ಣ. ಬೆನ್ನು ಗೂನಾಗಿ, ಈಗಲೂ ಏನನ್ನೋ ಅಗೆಯುತ್ತಿರುವಂತೆ ನಿಲ್ಲುತ್ತಿದ್ದ ಮುದುಕ.

“ನೀರು ಬಿತ್ತು ಅಂತ ಕೂಗಿದೆ. ದೊಡ್ಡಬಸಪ್ಪಜ್ಜ ಧೋತರ ಮ್ಯಾಲೆ ಕಟ್ಟಿ ತಾನs ಕೆಳಗ ಇಳದ. ಬೊಗಸಿ ತುಂಬ ನೀರು ಹಿಡದ. ಧರ್ಮಕ್ಕ ಬಿಟ್ಟೆ ಅಂದ. ಕೈ ಬಿಟ್ಟ. ನೀರು ನೀರಾಗ ಬಿತ್ತು.”

“ಯಾರಿಗೆ ಬಿಟ್ಟೆ ಎಂದು ಹೆಸರು ಹೇಳಿದನೇ?” ಎಂದರು ವಕೀಲರು.

ತಿಮ್ಮಣ್ಣ ನನ್ನನ್ನೇ ಕನಿಕರದಿಂದ ನೋಡಿದ, ಈ ಪ್ರಶ್ನೆ ನನ್ನದೇ ಎಂದುಕೊಂಡಂತೆ. “ಹೆಸರು ಹೇಳಿದ್ರ ಅದು ಧರ್ಮ ಹೆಂಗಾದೀತಪ್ಪ? ಮುಯ್ಯಿ ಆಗ್ತೈತಿ. ಇವರ ಮದುವಿಗೆ ನಾವು ಹಾಕಿದ್ವಿ, ನಮ್ಮ ಮದುವಿಗೆ ಇವರು ಹಾಕ್ಲಿ ಅನ್ನೋದು. ಅಜ್ಜ ಬಾವ್ಯಾಗ ಮುಯ್ಯಿ ಹಾಕಾಕ ಇಳದಿದ್ದಿಲ್ಲ.”

“ಬೊಗಸೆಯಲ್ಲೇ ಕುಡಿಯಬೇಕೆಂದು ಹೇಳಿದ್ದನೇ?”

“ಅಜ್ಜ ಏನೂ ಹೇಳಿಲ್ಲ. ಆಮ್ಯಾಲೆ ಕುಡದಿದ್ದು ಮಾತ್ರ ಬೊಗಸ್ಯಾಗ. ಬಾವಿ ತಳದಾಗ ಚೊಂಬು ಎಲ್ಲಿಂದ ಬರಬೇಕು? ನಾನೂ ಬೊಗಸ್ಯಾಗs ಕುಡದೆ, ಅವನ ಮಗ್ಗಲಕ ನಿಂತು.”

ಕೊನೆಗೆ ಹುಸೇನವ್ವ. ಸೆರಗು ತಲೆಯ ಮೇಲೆ, ಕೈಯಲ್ಲಿ ನೀರು ಹಾಕುವ ಅದೇ ಚೊಂಬು. ಗುಡಿಸಲಲ್ಲಿ ಬಿಟ್ಟು ಬರಲು ಧೈರ್ಯವಾಗಿರಲಿಲ್ಲವಂತೆ. ವಕೀಲರಿಗೆ ಇನ್ನೂ ತಮ್ಮ ಮೊದಲ ದಾರಿಯ ಮೇಲೆ ಮಮತೆ ಇತ್ತು. “ನಿನ್ನ ಧರ್ಮ ಯಾವುದು, ಅಷ್ಟು ಹೇಳು” ಎಂದು ಕನ್ನಡದಲ್ಲಿ ಕೇಳಲು ನನಗೆ ಹೇಳಿದರು. ಕೇಳಿದೆ. ಹಿಂದೂ ಎಂದು ಒಂದು ಮಾತು ಹೇಳಿದರೆ ಅವಳ ಮೇಲಿನ ಅರ್ಧ ಆಕ್ಷೇಪಣೆ ಅಲ್ಲೇ ಬಿದ್ದುಹೋಗುತ್ತಿತ್ತು. ಹಿಂದಿನ ಸಾಲಿನವರೆಲ್ಲ ಅದನ್ನೇ ಹೇಳೆಂದು ತುಟಿ ಆಡಿಸುತ್ತಿದ್ದರು.

“ನೀರು ಕುಡಸೋದ್ರಿ” ಎಂದಳು ಹುಸೇನವ್ವ.

ನಾನು ಅದನ್ನು ಉರ್ದುವಿಗೆ ತಿರುಗಿಸಿದೆ. ವಕೀಲರು, ಅದು ಉದ್ಯೋಗ, ಇನ್ನೊಮ್ಮೆ ಕೇಳು ಎಂದರು. ಮುನ್ಸಿಫರು ಬೇಡವೆಂದರು. ತಾವೇ ಒಂದು ಪ್ರಶ್ನೆ ಹಾಕಿದರು: “ಎಲ್ಲರನ್ನೂ ಯಾಕೆ ಬಗ್ಗಿಸುತ್ತೀ?”

“ಒಬ್ರಿಗೆ ಚೊಂಬು ಕೊಟ್ರ ಇನ್ನೊಬ್ರಿಗೂ ಕೊಡಬೇಕಾಗ್ತೈತ್ರಿ. ಅವರು ಮುಟ್ಟಿದ್ದು ಇವರು ಒಲ್ಲೆ ಅಂತಾರ. ಹನ್ನೆರಡು ಜಾತಿಗೆ ಹನ್ನೆರಡು ಚೊಂಬು ನಾ ಎಲ್ಲಿಂದ ತರ್ಲಿ? ಬೊಗಸಿ ಆದ್ರ ಅವರವರದು ಅವರವರ ಹತ್ರನs ಇರ್ತೈತಿ.”

ಕಚೇರಿ ನಕ್ಕಿತು. ಶರಣಪ್ಪನ ತುಟಿಯ ಮೂಲೆಯೂ ಒಂದಿಷ್ಟು ಅಲ್ಲಾಡಿದ್ದನ್ನು ನಾನು ಕಂಡೆ. ಧರ್ಮದ ಮೂಲವನ್ನು ಹುಡುಕುತ್ತಿದ್ದ ಮುನ್ಸಿಫರಿಗೆ ಚೊಂಬಿನ ಅಭಾವ ಎಂಬ ಉತ್ತರ ಸಿಕ್ಕಿತ್ತು. ಅವರು ಅದನ್ನೂ ಬರೆಸಿಕೊಂಡರು.

ಫೈಸಲಾದಲ್ಲಿ ಹುಸೇನವ್ವ ಇರುವಲ್ಲೇ ಇರಬಹುದು, ಬಾವಿಗೆ ಕದ ಹಾಕಕೂಡದು, ಶರಣಪ್ಪನಿಗೂ ನೀರು ಕುಡಿಯುವ ಹಕ್ಕು ಎಲ್ಲರಷ್ಟೇ ಇದೆ ಎಂದಿತ್ತು. ಇಡೀ ಉರ್ದು ಬರಹದ ನಡುವೆ ಒಂದು ಮಾತು ಮಾತ್ರ ಉರ್ದು ಅಕ್ಷರದಲ್ಲಿ ಕನ್ನಡವಾಗಿಯೇ ಉಳಿದಿತ್ತು: ಧರ್ಮ. ಕೊನೆಗೊಂದು ಸಾಲು: ‘ಈ ಒಂದು ಶಬ್ದದ ಮಟ್ಟಿಗೆ ತರ್ಜುಮಾನನನ್ನು ಅವನ ಕರ್ತವ್ಯದಿಂದ ಬಿಡುಗಡೆ ಮಾಡಲಾಗಿದೆ.’ ನನ್ನ ಸೇವೆಯಲ್ಲಿ ನನಗೆ ಸಿಕ್ಕ ಬಿರುದು ಎಂದರೆ ಅದೇ. ಸ್ವಲ್ಪ ದಿನದಲ್ಲಿ ಮುನ್ಸಿಫರಿಗೆ ವರ್ಗವಾಯಿತು. ಹೋಗುವಾಗ ದಾರಿ ಸುತ್ತುಹಾಕಿ ಹುಣಸೆ ಮರದ ಹತ್ತಿರ ಗಾಡಿ ನಿಲ್ಲಿಸಿದರಂತೆ. ಇಸ್ತ್ರಿ ಮಾಡಿದ ಶೇರವಾನಿ ಬೊಗಸೆಗಾಗಿ ಬಗ್ಗಿದ್ದನ್ನು ಗಾಡಿಯವನು ಊರೆಲ್ಲ ಹೇಳಿಕೊಂಡು ಬಂದ.

ಮುಂದಿನ ಕೆಲವು ವರ್ಷಗಳ ವಿಷಯ ಹೆಚ್ಚು ಬರೆಯಲಾರೆ. ಗೋಡೆಯ ಮೇಲೆ ಹೊಡೆದು ಹಾಕಿದ್ದ ಆ ‘ಮಜಹಬ್’ ಎಂಬ ಮಾತು ಕೈಯಲ್ಲಿ ದೊಣ್ಣೆ ಹಿಡಿದು ಬೀದಿಯಲ್ಲಿ ಓಡಾಡಿದ ಕಾಲ ಅದು. ಕೆಲವರು ರಾಜ್ಯದ ಗಡಿ ದಾಟಿ ಹೋದರು, ಕೆಲವರು ದಾಟಿ ಬಂದರು. ಹುಸೇನವ್ವ ಓಡುವವರಿಗೂ ನೀರು ಹಾಕಿದಳು, ಅವರನ್ನು ಅಟ್ಟಿಸಿಕೊಂಡು ಬಂದವರಿಗೂ ಹಾಕಿದಳು. ಎರಡೂ ಗುಂಪಿನವರು ಬಗ್ಗಿಯೇ ಕುಡಿದರು ಎಂದು ತಿಮ್ಮಣ್ಣ ಹೇಳುತ್ತಿದ್ದ.

ನಿಜಾಮರ ಆಳ್ವಿಕೆ ಮುಗಿದು ಹೊಸ ಸರ್ಕಾರ ಬಂತು. ಕಚೇರಿಯಲ್ಲಿ ಕನ್ನಡ ಕಿವಿಗೆ ಬೀಳತೊಡಗಿತು. ದಾನದತ್ತಿಯ ಬಾವಿ, ಛತ್ರ, ಗುಡಿಗಳನ್ನೆಲ್ಲ ನೋಡಿ ಬರೆದುಕೊಳ್ಳಲು ಒಬ್ಬ ತರುಣ ಅಧಿಕಾರಿ ಬಂದರು. ಧಾರವಾಡದ ಕಡೆ ಓದಿದವರು, ಅಚ್ಚ ಕನ್ನಡದವರು, ಬಹಳ ಸಭ್ಯರು. ಕಾಗದ ತೋರಿಸಲು ನನ್ನನ್ನು ಜೊತೆಗೆ ಕರೆದುಕೊಂಡರು. ಹುಣಸೆ ಮರದ ನೆರಳಲ್ಲಿ ಮೇಜು ಹಾಕಿದೆವು. ಶರಣಪ್ಪನೂ ಬಂದಿದ್ದ. ಹಿಂದೂ ಧರ್ಮದ್ದೆಂದು ಬರೆದರೆ ಬಾವಿ ಊರ ಹಿರಿಯರ ಕಮಿಟಿಗೆ ಹೋಗುತ್ತಿತ್ತು, ಕಮಿಟಿಗೆ ಶರಣಪ್ಪನೇ ಹಿರಿಯ. ಯಾವ ಧರ್ಮದ್ದೂ ಅಲ್ಲವೆಂದರೆ ಸರ್ಕಾರದ ವಶ. ಎರಡರಲ್ಲಿ ಯಾವುದಾದರೂ ಹುಸೇನವ್ವ ಏಳಬೇಕು. ಅವಳಿಗೆ ಆಗ ಕಣ್ಣು ಮಂಜಾಗಿತ್ತು, ಕೈ ಮಾತ್ರ ಗುರಿ ತಪ್ಪುತ್ತಿರಲಿಲ್ಲ.

“ತಾಯೀ, ಇದು ಯಾವ ಧರ್ಮಕ್ಕೆ ಸೇರಿದ್ದು?” ಎಂದರು ಅಧಿಕಾರಿ.

“ಧರ್ಮದ್ದs ರೀ.”

“ಅದೇ, ಯಾವ ಧರ್ಮದ್ದು?”

“ಯಾವುದು ಅಂದ್ರ? ನೀರು ಕುಡಸೋದು. ಆವಾಗs ಆ ಸಾಹೇಬ್ರಿಗೆ ಹೇಳೀನಲ್ರಿ. ಅವರಿಗೆ ತಿಳದಿತ್ತು.”

“ಅದು ಸೇವೆ ತಾಯೀ. ನಾನು ಕೇಳುತ್ತಿರುವುದು ಧರ್ಮ.”

ಇಬ್ಬರೂ ಕನ್ನಡದವರು. ನಡುವೆ ಉರ್ದು ಇಲ್ಲ, ಹಲಗೆಯ ಅಗತ್ಯವಿಲ್ಲ. ಆದರೂ ಒಬ್ಬರ ಮಾತು ಒಬ್ಬರಿಗೆ ಮುಟ್ಟುತ್ತಿಲ್ಲ. ನಾನು ಎದ್ದು ನಿಂತೆ. ಅಪ್ಪಣೆಯಾದರೆ ತರ್ಜುಮೆ ಮಾಡುತ್ತೇನೆ ಎಂದೆ.

“ಯಾವ ಭಾಷೆಯಿಂದ ಯಾವ ಭಾಷೆಗೆ?” ಎಂದು ಅಧಿಕಾರಿ ಆಶ್ಚರ್ಯಪಟ್ಟರು.

“ಕನ್ನಡದಿಂದ ಕನ್ನಡಕ್ಕೆ” ಎಂದು ಹೇಳಿ ಹುಸೇನವ್ವನ ಕಡೆ ತಿರುಗಿದೆ. “ಯವ್ವಾ, ಸಾಹೇಬ್ರು ಮಜಹಬ್ ಕೇಳ್ತಾರ.”

“ಓ, ಮಜಬೇನು! ಹಂಗನ್ರಲ್ಲ ಮತ್ತ!” ಎಂದಳು ಅವಳು, ಕಿವುಡರ ಜೊತೆ ಇಷ್ಟು ಹೊತ್ತು ಕಳೆದವಳ ಹಾಗೆ. “ನಂದು ಕೇಳ್ತಾರೋ, ಬಾವೀದು ಕೇಳ್ತಾರೋ?”

“ಬಾವೀದು.”

“ಬಾವಿಗೆ ಎಲ್ಲೈತ್ರಿ ಮಜಬು? ಅದಕ್ಕಿರೋದು ಧರ್ಮ.”

ಅಧಿಕಾರಿ ಶರಣಪ್ಪನ ಕಡೆ ನೋಡಿದರು, ಇದಕ್ಕೆ ನಿಮ್ಮ ಮಾತೇನು ಎಂಬಂತೆ. ಶರಣಪ್ಪನ ತಲೆಯೂ ಆಗ ನೆರೆತಿತ್ತು. ಬಿಸಿಲು ಜೋರಿತ್ತು. ಅವನು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಹುಸೇನವ್ವನ ಮುಂದೆ ಹೋಗಿ ಬಗ್ಗಿದ.

“ಹಾಕು” ಎಂದ.

“ಬೊಗಸಿ ಇನ್ನಷ್ಟು ಮುಂದ ಹಿಡಿಯಪ್ಪ, ಕಾಣವಲ್ದು” ಎಂದಳು ಅವಳು.

ಅಧಿಕಾರಿ ತಮ್ಮ ಕಾಗದಕ್ಕೆ ತಿರುಗಿದರು. ‘ಧರ್ಮ’ ಎಂದು ಅಚ್ಚಾದ ಮನೆಯ ಎದುರಿನ ಖಾಲಿ ಜಾಗದಲ್ಲಿ ಅವರು ದುಂಡಗೆ ಬರೆದದ್ದೂ ‘ಧರ್ಮ’ ಎಂದೇ. ಮೇಲಿನ ಕಚೇರಿಯವರು ಅದನ್ನು ಕೈತಪ್ಪು ಎಂದುಕೊಂಡಿರಬೇಕು. ತಿದ್ದಿಸಲು ಯಾರೂ ಬರಲಿಲ್ಲ, ಹುಸೇನವ್ವನನ್ನು ಎಬ್ಬಿಸಲೂ ಬರಲಿಲ್ಲ.